ಅವ್ವನ ಗಾಡಿಮನೆ

ನಮ್ಮವ್ವ ಹನ್ನೊಂದು ತಿಂಗಳು ಗಾಲಿಯ ಮೇಲೆ ಬದುಕಿದಳು. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಅವರಿಗೆ ಮನೆ ಎಂದರೆ ಸಿಮೆಂಟು, ಗಾಡಿ ಎಂದರೆ ಪೆಟ್ರೋಲು. ಹನಗೋಡಿನ ಪಕ್ಕದ ನಮ್ಮೂರಲ್ಲಿ ಎತ್ತು ಕಟ್ಟಿ ಎಳೆಯುವ ಮನೆಯೊಂದಿತ್ತು, ಅದಕ್ಕೆ ಕಿಟಕಿ, ಮೆಟ್ಟಿಲು, ಒಳಗೊಂದು ಮಂಚ ಎಲ್ಲ ಇತ್ತು ಎಂದರೆ ಅಜ್ಜಿಗೆ ವಯಸ್ಸಾಯಿತು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಐವತ್ತರ ದಶಕದ ಮಾತು. ನನಗೆ ಒಂಬತ್ತು ವರ್ಷ, ತಮ್ಮ ಇನ್ನೂ ಅಂಬೆಗಾಲಿಡುವ ಕೂಸು. ಅವ್ವನಿಗೆ ಕೆಮ್ಮು ಹತ್ತಿಕೊಂಡಿತು. ಬಾಣಂತನದಲ್ಲಿ ತಂಡಿ ಆಗಿದೆ ಎಂದು ಅಜ್ಜಿ ಮೆಣಸಿನ ಕಷಾಯ ಕುಡಿಸಿದಳು, ಎದೆಗೆ ಹರಳೆಣ್ಣೆ ತಿಕ್ಕಿದಳು. ಕೆಮ್ಮಿನ ಜೊತೆ ರಕ್ತ ಕಂಡ ದಿನ ಅಪ್ಪ ಅವಳನ್ನು ಹುಣಸೂರಿಗೆ ಕರೆದುಕೊಂಡು ಹೋದ. ಅಲ್ಲಿಂದ ಮೈಸೂರಿನ ಆಸ್ಪತ್ರೆಗೆ. ದೀಪಾವಳಿ ಕಳೆದ ಮೇಲೆ ವಾಪಸು ಬರಬಹುದು ಎಂದಾಯಿತು. ಆದರೆ ಹುಣಸೂರಿನ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಕಟ್ಟುನಿಟ್ಟಾಗಿ ಹೇಳಿದ್ದರು. ಬೇರೆ ಕೋಣೆ ಇರಬೇಕು, ಗಾಳಿ ಬಿಸಿಲು ಆಡಬೇಕು, ಸೂಜಿಮದ್ದು ತಪ್ಪಬಾರದು, ಹಾಲು ಮೊಟ್ಟೆ ಚೆನ್ನಾಗಿ ಕೊಡಬೇಕು, ಮಕ್ಕಳು ಮಾತ್ರ ಇಪ್ಪತ್ತು ಮಾರು ದೂರ. ಮೊಟ್ಟೆ ಎಂಬ ಮಾತು ಕೇಳಿ ನಮ್ಮಜ್ಜಿ ಹಣೆಯ ವಿಭೂತಿ ಮುಟ್ಟಿಕೊಂಡು, ಅದರ ಬದಲಿಗೆ ಇನ್ನೊಂದು ಎಮ್ಮೆ ಕಟ್ಟಿಸಿದಳು. ಕ್ಷಯ ಎಂಬ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಲ್ಲಿ ತರಲಿಲ್ಲ. 'ಆ ಕೆಮ್ಮು' ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಹೊಲದಲ್ಲಿ ಒಂದು ಗುಡಿಸಲು ಹಾಕಿಸುತ್ತೇನೆ ಎಂದ ಅಪ್ಪ. ಅಜ್ಜಿ ರಾಗಿ ಬೀಸುವುದನ್ನು ನಿಲ್ಲಿಸಿ ಎದ್ದು ಬಂದಳು.

"ಗುಡ್ಲು ಅನ್ನೋ ಮಾತ ನನ್ ಮುಂದೆ ಎತ್ತಬ್ಯಾಡ ಕಣ್ಲಾ. ಪಿಳೇಗು ಬಂದಾಗ ಗುಡ್ಲಿಗೆ ಓದೋರ್ನ ನಾನು ಕಂಡಿವ್ನಿ. ನಮ್ಮವ್ವನೂ ಓದ್ಲು. ಯಾರ್ಲಾ ತಿರುಗಿ ಬಂದ್ರು? ಗುಡ್ಲಿಗೆ ಬೆಂಕಿ ಇಕ್ಬುಟ್ಟು ಬಂದ್ರು, ಅಷ್ಟೆಯ."

"ಮತ್ತೇನ್ ಮಾಡನವ್ವ? ಮನೆ ಒಳಗೆ ಮಕ್ಳವೆ."

"ಗಾಡಿ ಮಾಡ್ಸು. ಗಾಡಿ ಅಂದ್ರೆ ಓಗಿ ಬರೋ ವಸ್ತು. ನನ್ ಸೊಸೆಗೆ ಅಂತ ನೆಲಕ್ಕೆ ಗೂಟ ಮಾತ್ರ ಹೊಡೀಬ್ಯಾಡ."

ಅಜ್ಜಿಯ ಈ ಲೆಕ್ಕಾಚಾರಕ್ಕೆ ಎದುರು ಮಾತು ಹೇಳುವವರು ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ. ಮಾರನೆಯ ದಿನವೇ ಗಾಡಿ ಕೆಲಸದ ಆಚಾರಿ ನಮ್ಮ ಅಂಗಳದಲ್ಲಿ ಕೂತಿದ್ದ. ಎಂಟು ಮೊಳ ಉದ್ದ, ನಾಲ್ಕು ಮೊಳ ಅಗಲ, ಎರಡು ಹಳೆ ಗಾಡಿಗಳ ನಾಲ್ಕು ಗಾಲಿ. ಎರಡು ಗಾಲಿಯ ಗಾಡಿಯನ್ನು ಕಣ್ಣು ಮುಚ್ಚಿಕೊಂಡು ಮಾಡುವ ಮನುಷ್ಯ ಅವನು. ನಾಲ್ಕು ಗಾಲಿಯದನ್ನು ಜನ್ಮದಲ್ಲಿ ಮಾಡಿರಲಿಲ್ಲ. ಆದರೂ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವಲ್ಲ. ಹಿಂದಿನ ಅಚ್ಚನ್ನು ಬಿಗಿದ ಹಾಗೆಯೇ ಮುಂದಿನ ಅಚ್ಚನ್ನೂ ಗಟ್ಟಿಯಾಗಿ ಬಿಗಿದುಬಿಟ್ಟ. ಎತ್ತು ಕಟ್ಟಿ ಎಳೆಸಿದರೆ ಗಾಡಿ ನೆಟ್ಟಗೆ ಹೋಯಿತು, ನೆಟ್ಟಗೇ ಹೋಯಿತು. ಅಪ್ಪ ಎಡಕ್ಕೆ ಹಗ್ಗ ಎಳೆದ, ಎತ್ತುಗಳು ಎಡಕ್ಕೆ ತಿರುಗಿದವು, ಗಾಡಿ ಮಾತ್ರ ಅಜ್ಜಿಯ ಅವರೆ ಸಾಲುಗಳನ್ನು ಅರೆದುಕೊಂಡು ನಾಲೆಯ ಏರಿಗೆ ಹೋಗಿ ಮೂಗು ಊರಿತು. ಊರಿಗೆ ಊರೇ ನಿಂತು ನಕ್ಕಿತು. ಆಚಾರಿ ಮೂರು ದಿನ ಯಾರಿಗೂ ಮುಖ ತೋರಿಸಲಿಲ್ಲ. ನಾಲ್ಕನೆಯ ದಿನ ಬಂದು ಮುಂದಿನ ಅಚ್ಚಿನ ನಡುವೆ ಒಂದು ದಪ್ಪ ಕಬ್ಬಿಣದ ಕೀಲು ಹಾಕಿದ. ಆಮೇಲೆ ಅದು ಹೇಳಿದ ಕಡೆ ತಿರುಗಿತು.

ಗೋಡೆಯ ತಟ್ಟಿ ಹೆಣೆದವನು ಕಾಡಂಚಿನ ಹಾಡಿಯಿಂದ ಬಿದಿರು ಕೆಲಸಕ್ಕೆ ಬರುತ್ತಿದ್ದ ಒಬ್ಬ ಮುದುಕ. ಕಿಟಕಿ ಎಲ್ಲಿ ಬಿಡಲಿ ಎಂದು ಅವನು ಯಾರನ್ನೂ ಕೇಳಲಿಲ್ಲ. ಅಪ್ಪನನ್ನು ಮಂಚದ ಮೇಲೆ ಮಲಗಲು ಹೇಳಿ, ಅವನ ಕಣ್ಣಿನ ನೇರಕ್ಕೆ ಇದ್ದಿಲಲ್ಲಿ ಗೆರೆ ಎಳೆದ. ಅಷ್ಟು ಕೆಳಗೆ ಕಿಟಕಿಯೇ ಎಂದು ಆಚಾರಿ ಹುಬ್ಬು ಹಾರಿಸಿದ.

"ಕಿಟಕಿ ಮಲಗಿದ್ದೋರ್ಗೆ ಸ್ವಾಮಿ. ನಿಂತೋರ್ಗೆ ಬಾಗ್ಲು ಐತಲ್ಲ" ಎಂದ ಮುದುಕ.

ಈಗಲೂ ಎಲ್ಲಾದರೂ ಆಸ್ಪತ್ರೆಗೆ ಹೋದರೆ ನಾನು ಮೊದಲು ಕಿಟಕಿ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತೇನೆ. ಆ ಮುದುಕನಷ್ಟು ತಿಳಿದು ಕಟ್ಟಿದವರನ್ನು ನಾನು ಹೆಚ್ಚು ಕಂಡಿಲ್ಲ.

ಅವ್ವ ಬಂದಳು, ಗಾಡಿಮನೆ ಹತ್ತಿದಳು. ಅಜ್ಜಿ ಮಾವಿನ ಸೊಪ್ಪು ಕಟ್ಟಲಿಲ್ಲ, ಹಾಲು ಉಕ್ಕಿಸಲಿಲ್ಲ. ಅದೆಲ್ಲ ಮನೆಗೆ, ಇದು ಗಾಡಿ ಎಂದು ಗಾಲಿಗಳಿಗೆ ವಿಭೂತಿ ಬಳಿದು ಸುಮ್ಮನಾದಳು. ಬೆಳಿಗ್ಗೆ ಎಳೆಬಿಸಿಲು ಕಿಟಕಿಗೆ ಬೀಳುವಂತೆ ಅಪ್ಪ ಅದನ್ನು ತಿರುಗಿಸಿ ನಿಲ್ಲಿಸುತ್ತಿದ್ದ, ಹೊತ್ತೇರಿದ ಮೇಲೆ ಹೊಂಗೆ ಮರದ ನೆರಳಿಗೆ ಎಳೆಸುತ್ತಿದ್ದ. ರಾಗಿ ಒಕ್ಕುವಾಗ ಮನೆ ಕಣದ ಪಕ್ಕಕ್ಕೆ ಬಂತು. ಅವ್ವ ಮಲಗಿದಲ್ಲಿಂದಲೇ, ಮೆದೆ ಸೊಟ್ಟಗೆ ಒಟ್ಟಿದ್ದೀರಿ, ಆ ಕಡೆ ಕಾಳು ಹಾಗೇ ಬಿಟ್ಟಿದ್ದೀರಿ ಎಂದು ಆಳುಗಳಿಗೆ ಗದರುತ್ತಿದ್ದಳು. ಬೇಸಿಗೆಯಲ್ಲಿ ನಾಲೆಯ ದಡಕ್ಕೆ ಹೋಯಿತು, ನಾಟಿ ಹೊತ್ತಿಗೆ ಗದ್ದೆಯ ಬದಿಗೆ ಬಂತು. ನಾವೆಲ್ಲ ಎಲ್ಲಿದ್ದೆವೋ ಅವ್ವ ಅಲ್ಲಿದ್ದಳು. ಆದರೆ ಮನೆ ಎಲ್ಲೇ ನಿಲ್ಲಲಿ, ಅಪ್ಪ ಇಪ್ಪತ್ತು ಮಾರು ಅಳೆದು ಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಆ ಗೆರೆ ನನಗೆ ಮತ್ತು ತಮ್ಮನಿಗೆ. ಅಜ್ಜಿಗೆ ಯಾವ ಗೆರೆಯೂ ಇರಲಿಲ್ಲ. ನಾನು ಗೆರೆಯ ಮೇಲೆ ತಂದಿಟ್ಟ ಹಾಲಿನ ಚೊಂಬನ್ನು ಎತ್ತಿಕೊಂಡು, "ನಂಗಿನ್ನೇನ್ ಬಂದಾತು" ಎಂದು ಒಳಗೆ ಹೋಗಿ ಸೊಸೆಯ ತಲೆ ಬಾಚಿ ಬರುತ್ತಿದ್ದಳು.

ತಮ್ಮನನ್ನು ದಿನಕ್ಕೆರಡು ಸಲ ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ಆ ಗೆರೆಯಲ್ಲಿ ನಿಲ್ಲುವುದು ನನ್ನ ಕೆಲಸ. ಇದು ಅವ್ವನದೇ ಅಪ್ಪಣೆ. ಮಗ ತನ್ನ ಮುಖ ಮರೆಯಬಾರದು ಎಂಬ ಒಂದೇ ಚಿಂತೆ ಅವಳಿಗೆ. ಎದೆಹಾಲು ಬಿಡಿಸಿ ಹೋದ ಕೂಸು, ತಾನು ವಾಸಿಯಾಗಿ ಬರುವ ಹೊತ್ತಿಗೆ ತನ್ನನ್ನು ಯಾರೋ ಎಂದು ನೋಡಿಬಿಟ್ಟರೆ? ಕಿಟಕಿಯಿಂದ ಅವಳು ಕೈ ಆಡಿಸುವಳು, "ಕಂದಾ, ಇಲ್ನೋಡು, ನಾನ್ಯಾರು? ಅವ್ವ ಅನ್ನು, ಅವ್ವ" ಎನ್ನುವಳು. ಅವನಿಗೆ ಎತ್ತಿನ ಕೊರಳ ಗಂಟೆಯ ಮೇಲೆಯೇ ಕಣ್ಣು. ನಾನು ಅವನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸುತ್ತಿದ್ದೆ.

ಒಂದು ಮಾತು ಹೇಳಿಬಿಡುತ್ತೇನೆ. ನನಗೂ ಅವ್ವ ಬೇಕಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ಮಗ ಉಂಡನಾ, ಮಗ ಮಲಗಿದನಾ, ಮಗನಿಗೆ ಭೇದಿ ನಿಂತಿತಾ ಎಂದು ಅವ್ವ ಕೇಳುತ್ತಿದ್ದಳು. ನೀನು ಉಂಡೆಯಾ ಎಂದು ಕೇಳುವಷ್ಟರಲ್ಲಿ ಅವಳಿಗೆ ಕೆಮ್ಮು ಬರುತ್ತಿತ್ತು. ನಾನು ದೊಡ್ಡವಳಂತೆ, ಮನೆಮಗಳಂತೆ, ಬಂಗಾರದಂಥ ಹುಡುಗಿಯಂತೆ. ಇಂಥ ಹೊಗಳಿಕೆಯಿಂದ ಯಾವ ಮಗುವಿನ ಹೊಟ್ಟೆ ತುಂಬುತ್ತದೆ ಹೇಳಿ. ಮಲಗುವಾಗ ತಮ್ಮನನ್ನು ಎದೆಗೆ ಅವುಚಿಕೊಳ್ಳುತ್ತಿದ್ದೆ. ಅವನಿಗೆ ರಾಗಿ ಸರಿ ಕಲಸಿ ತಿನ್ನಿಸಿದವಳು ನಾನು, ಬಟ್ಟೆ ಒಗೆದವಳು ನಾನು, ಹಲ್ಲು ಬರುವಾಗ ಅವನು ಕಚ್ಚಿದ್ದೂ ನನ್ನ ಭುಜವನ್ನೇ.

ಯುಗಾದಿಯ ಹಿಂದುಮುಂದು ಅವನಿಗೆ ಮಾತು ಬಂತು. ಸರಿ ತಿನ್ನುತ್ತಿದ್ದವನು ನನ್ನ ಮುಖ ನೋಡಿ, "ಅವ್ವ" ಎಂದ. ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಅಕ್ಕ ಅನ್ನೋದ ಕಲಿಸು ಮಗ. ನಿಮ್ಮವ್ವಂಗೆ ಮಾತ್ರ ಏಳ್ಬ್ಯಾಡ, ನೊಂದ್ಕತಾಳೆ" ಎಂದಳು.

ಕಲಿಸಿದೆ. ಆದರೆ ಮನಸ್ಸಿಟ್ಟು ಕಲಿಸಲಿಲ್ಲ. ಅವನು ಅವ್ವ ಎಂದಾಗಲೆಲ್ಲ ನನಗೆ ಎದೆಯೊಳಗೆ ಹಿಗ್ಗು, ಹಿಗ್ಗಿನ ಹಿಂದೆಯೇ ಭಯ. ಗೆರೆಯ ಹತ್ತಿರ ನಿಂತಾಗ ಹೀಗೆ ಕರೆದುಬಿಟ್ಟರೆ ಗತಿ ಏನು? ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಗಾಡಿಮನೆಯ ಕಡೆ ಹೊರಡುವ ಮುಂಚೆ ಅವನ ಬಾಯಿಗೆ ಒಂದು ಚೂರು ಬೆಲ್ಲ. ಕರಗುವವರೆಗೂ ಅವನು ತುಟಿ ಬಿಚ್ಚುತ್ತಿರಲಿಲ್ಲ. ಕರಗಿತು ಎನ್ನುವಾಗ ನಾನು ಹಿಂದಕ್ಕೆ ತಿರುಗಿರುತ್ತಿದ್ದೆ. ಬೆಲ್ಲದ ಗಡಿಗೆ ತಳ ಕಾಣತೊಡಗಿದಾಗ ಅಜ್ಜಿ ಇಲಿಗಳನ್ನು ಬೈದಳು.

ಮಗ ಮಾತಾಡುತ್ತಾನೆ ಎಂದು ಅಪ್ಪ ಹೇಳಿದ, ಅಜ್ಜಿ ಹೇಳಿದಳು. ಅವ್ವ ನಂಬಲಿಲ್ಲ. ಅವಳ ಕಣ್ಣೆದುರು ಅವನು ದಿನವೂ ಮೂಕನ ಹಾಗೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದನಲ್ಲ.

"ನೀವೆಲ್ಲ ನನ್ ಸಮಾಧಾನಕ್ಕೆ ಏಳ್ತಿದ್ದೀರಿ ಅತ್ತೆ. ನನ್ ಕೆಮ್ಮು ಮಗೀನ ನಾಲಿಗೆ ಕಟ್ಬುಡ್ತು. ನನ್ ಹಾಲು ಕುಡ್ದದ್ದಕ್ಕೇ ಇಂಗಾಯ್ತು" ಎಂದು ಅವಳು ಅಳುತ್ತಿದ್ದುದು ಗೆರೆಯವರೆಗೆ ಕೇಳುತ್ತಿತ್ತು. ಮಗನಿಗೆ ಮಾತು ಬಂದರೆ ಬೆಟ್ಟದಪುರದ ಬೆಟ್ಟವನ್ನು ಬರಿಗಾಲಲ್ಲಿ ಹತ್ತುತ್ತೇನೆ ಎಂದು ಹರಕೆ ಹೊತ್ತಳು. ಎರಡು ಲೋಟ ಹಾಲು ಕುಡಿಯುತ್ತಿದ್ದವಳು ಒಂದಕ್ಕೆ ಬಂದಳು. ಆಗಲಾದರೂ ನಾನು ಹೇಳಬೇಕಿತ್ತು. ನಾಳೆ ಬೆಲ್ಲ ಕೊಡುವುದಿಲ್ಲ ಎಂದು ಪ್ರತಿ ರಾತ್ರಿ ಆಣೆ ಇಟ್ಟುಕೊಳ್ಳುತ್ತಿದ್ದೆ. ಬೆಳಿಗ್ಗೆಯಾದರೆ ಕೈ ತಾನಾಗಿ ಗಡಿಗೆಗೆ ಹೋಗುತ್ತಿತ್ತು. ಹೇಳಿದರೆ ಅವ್ವ ನೊಂದುಕೊಳ್ಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡಿದ್ದು ಅರ್ಧ ನಿಜ. ಅವನು ನನ್ನನ್ನು ಹಾಗೆ ಕರೆಯುವುದು ನಿಂತುಹೋಗುತ್ತದಲ್ಲ ಎಂಬುದು ಇನ್ನರ್ಧ.

ನವರಾತ್ರಿಗೆ ಮುಂಚೆ ಡಾಕ್ಟರು ಬಂದರು. ಮೈಸೂರಿನಿಂದ ಬಂದ ಕಾಗದ ನೋಡಿ, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, "ಇನ್ನು ಮನೆಗೆ ಹೋಗಮ್ಮ, ಮಕ್ಕಳನ್ನು ಎತ್ತಿಕೊ" ಎಂದರು. ಅವ್ವ ನಡೆದೇ ಬರುತ್ತೇನೆ ಎಂದಳು. ಗದ್ದೆ ಬದುವಿನಲ್ಲಿ ಕಾಲು ಜಾರೀತು ಎಂದು ಅಪ್ಪ ಎತ್ತು ಹೂಡಿ, ಅವಳನ್ನು ಒಳಗೆ ಕೂರಿಸಿಕೊಂಡೇ ಗಾಡಿಮನೆಯನ್ನು ಹೊರಡಿಸಿದ. ನಾನು ತಮ್ಮನನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತೆ. ನೆಲದ ಮೇಲೆ ಸುಣ್ಣದ ಗೆರೆ ಇರಲಿಲ್ಲ. ಆದರೂ ಅವನ ಬಾಯಲ್ಲಿ ಬೆಲ್ಲವಿತ್ತು.

ಅಂಗಳಕ್ಕೆ ತಿರುಗುವಾಗ ಹಿಂದಿನ ಗಾಲಿ ಮೋರಿಗೆ ಇಳಿಯಿತು. ಮನೆ ಒಂದು ಪಕ್ಕಕ್ಕೆ ವಾಲಿತು, ಒಳಗೆ ಪಾತ್ರೆಗಳು ಉರುಳಿದವು, ಅವ್ವ ಚೀರಿದಳು. ನಾನು ತಮ್ಮನನ್ನು ನೆಲಕ್ಕಿಳಿಸಿ ಓಡಿದೆ. ಅಪ್ಪ ಮತ್ತು ಆಳುಗಳು ಗಾಲಿಗೆ ಭುಜ ಕೊಡುತ್ತಿದ್ದರು, ನಾನೂ ನನ್ನ ಪುಟ್ಟ ಕೈಗಳನ್ನು ತಟ್ಟಿಗೆ ಆನಿಸಿದೆ. ಆಗ ಹಿಂದಿನಿಂದ ಕೇಳಿತು.

"ಅವ್ವಾ! ಅವ್ವಾ!"

ಬೆಲ್ಲ ಉಗಿದು, ಕಣ್ಣೀರು ಮೂಗು ಒಂದು ಮಾಡಿಕೊಂಡು ತಮ್ಮ ಕಿರುಚುತ್ತಿದ್ದ. ಗಾಲಿ ಮೇಲೆ ಬಂತು. ಬಾಗಿಲಲ್ಲಿ ಅವ್ವ ಕಾಣಿಸಿಕೊಂಡಳು. ಮುಡಿ ಬಿಚ್ಚಿಹೋಗಿತ್ತು, ಮೊಣಕೈ ತರಚಿತ್ತು, ಅದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ.

"ಕೂಗ್ದ! ಅತ್ತೆ, ಕೇಳುದ್ರಾ? ನನ್ ಮಗ ಅವ್ವ ಅಂತ ಕೂಗ್ದ!"

ಮೆಟ್ಟಿಲಿಗೂ ಕಾಯದೆ ಕೆಳಗೆ ಧುಮುಕಿ, ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ತೋಳು ಚಾಚಿದಳು. ತಮ್ಮ ಓಡಿ ಬಂದ. ಅವಳ ತೋಳಿನ ಪಕ್ಕದಲ್ಲೇ ಹಾದು ಬಂದು ನನ್ನ ಲಂಗ ಹಿಡಿದು, ಅದರೊಳಗೆ ಮುಖ ಹುದುಗಿಸಿ, "ಅವ್ವ, ಎತ್ಕೊ" ಎಂದ.



"ಬೆಲ್ಲ ಇಕ್ತಿದ್ದೆ ಕಣವ್ವ" ಎಂದೆ ನಾನು. "ದಿನಾಲೂ ಇಕ್ತಿದ್ದೆ. ನಿನ್ ಮುಂದೆ ನನ್ನ ಅವ್ವ ಅಂದ್ಬುಡ್ತಾನೆ ಅಂತ. ಅವ್ನು ಮೂಗ ಅಲ್ಲ ಕಣವ್ವ."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದೂ ಅನ್ನಿಸಿತು. ಅವಳ ತೋಳುಗಳು ಇನ್ನೂ ಚಾಚಿದಂತೆಯೇ ಇದ್ದವು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹನ್ನೊಂದು ತಿಂಗಳಲ್ಲಿ ನಾನು ಎಷ್ಟು ಉದ್ದವಾಗಿದ್ದೆನೋ, ಎಷ್ಟು ಸೊರಗಿದ್ದೆನೋ, ಹತ್ತಿರದಿಂದ ಅವಳು ಕಂಡದ್ದು ಆಗಲೇ. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಲಂಗದ ಮರೆಯಿಂದ ಇಣುಕುತ್ತಿದ್ದ ತಮ್ಮನನ್ನು ನೋಡಿ ಮೆಲ್ಲಗೆ ನಕ್ಕಳು.

"ಅವ್ಳು ನಿಮ್ಮವ್ವನೇನಪ್ಪ? ಆಗ್ಲಿ ಬುಡು. ಅಂಗಾರೆ ನಾನ್ಯಾರು ಗೊತ್ತಾ? ನಾನು ನಿಮ್ಮವ್ವನ ಅವ್ವ ಕಣಪ್ಪ."

ಹಾಗೆಂದು ನನ್ನ ಕೈ ಹಿಡಿದು ಮಡಿಲಿಗೆ ಎಳೆದುಕೊಂಡಳು. ಹತ್ತು ವರ್ಷದ, ಆಗಲೇ ಒಂದು ಮಗುವಿನ ತಾಯಿಯಾಗಿದ್ದ ನಾನು, ಅಂಗಳದಲ್ಲಿ ಎಲ್ಲರೆದುರು ಬಾಯಿ ಬಿಟ್ಟು ಅತ್ತೆ.