ಅಣ್ಣ ಅಂಗಡಿ ಬಿಟ್ಟದ್ದು

ಮೊನ್ನೆ ಕುಕ್ಕರಿನ ರಬ್ಬರ್ ಹುಡುಕುತ್ತ ಅಡುಗೆಮನೆಯ ಅಟ್ಟದಲ್ಲಿದ್ದುದನ್ನೆಲ್ಲ ಕೆಳಗಿಳಿಸಿದೆ. ರಬ್ಬರ್ ಸಿಗಲಿಲ್ಲ. ಬಿಸ್ಕಿಟಿನ ಹಳೆಯ ಡಬ್ಬಿಯೊಳಗೆ ಒಂದು ಆಟದ ಡಿಸ್ಕು ಸಿಕ್ಕಿತು. ಅದರ ಪ್ಲಾಸ್ಟಿಕ್ ಪೆಟ್ಟಿಗೆ ತೆರೆದದ್ದೇ ತಡ, ಘಮ್ಮೆಂದು ಅತ್ತರಿನ ವಾಸನೆ. ಆಟದ ಡಿಸ್ಕಿಗೆ ಅತ್ತರು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಭಟ್ಕಳದ ಪೇಟೆ ಸುತ್ತಿದವರು ಕೇಳುವುದಿಲ್ಲ. ಗಲ್ಫಿನಿಂದ ಬಂದ ಸಾಮಾನು ಮಾರುವ ಅಲ್ಲಿಯ ಅಂಗಡಿಗಳಲ್ಲಿ ಅತ್ತರು, ಚಾಕ್ಲೇಟು, ಟಾರ್ಚು, ಕಂಬಳಿ, ಆಟದ ಡಿಸ್ಕು ಎಲ್ಲವೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಒಟ್ಟೊಟ್ಟಿಗೆ ಇರುತ್ತಿದ್ದವು.

ಈ ಡಿಸ್ಕು ಕೊಂಡ ದಿನ ನನಗೆ ಚೆನ್ನಾಗಿ ನೆನಪಿದೆ. ಅಣ್ಣನ ಜೊತೆ ನಾನೂ ಹೋಗಿದ್ದೆ. ಅಂಗಡಿಯ ಭಾಯಿ ತಮ್ಮವರೊಡನೆ ನವಾಯತಿಯಲ್ಲಿ, ಬೇರೆ ಗಿರಾಕಿಗಳೊಡನೆ ಉರ್ದುವಿನಲ್ಲಿ, ನಮ್ಮೊಡನೆ ಕನ್ನಡದಲ್ಲಿ, ಎಲ್ಲೂ ತಡವರಿಸದೆ ಮಾತಾಡುತ್ತಿದ್ದರು. ಆ ಕಾಲದಲ್ಲಿ ಎಲ್ಲ ಕಡೆ ಕಳ್ಳಪ್ರತಿಗಳೇ ಓಡಾಡುತ್ತಿದ್ದವು. ನಮ್ಮ ಅಣ್ಣನಿಗೆ ಅಸಲಿಯೇ ಬೇಕು. ಭಾಯಿ ಒಳಗಿನಿಂದ ಈ ಡಿಸ್ಕು ತಂದು, ಅಂಗಿಯ ತುದಿಯಿಂದ ಒರೆಸಿ, "ಒರಿಜಿನಲ್, ದುಬೈಂದು. ತಗೊಂಡ್ ಹೋಗಿ, ನಿಮ್ದಾಯ್ತು" ಎಂದರು. ಆಮೇಲೆ ಅವರು ಅದರ ಬಗ್ಗೆ ಎಂದೂ ಕೇಳಲಿಲ್ಲ. ನಾವು ಆಡಿದೆವೋ, ಯಾರಿಗಾದರೂ ಕೊಟ್ಟೆವೋ, ಬಚ್ಚಲ ಒಲೆಗೆ ಹಾಕಿದೆವೋ, ಅದು ನಮಗೆ ಬಿಟ್ಟದ್ದು.

ನಾವು ಮೂವರು. ಅಣ್ಣ ಶಿರಾಲಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಗದ್ದೆಗೆ, ತೆಂಗಿನ ತೋಟಕ್ಕೆ ನೀರು ಬಿಡುವ ಪಂಪು ಸುಟ್ಟುಹೋದರೆ ಸುತ್ತಲಿನವರೆಲ್ಲ ಅವನ ಬಳಿ ಹೊತ್ತು ತರುತ್ತಿದ್ದರು. ತಮ್ಮ ಹೊನ್ನಾವರದಲ್ಲಿ ಟೆಂಪೊ ಓಡಿಸುತ್ತಾನೆ. ನಾನು ಕುಮಟಾದಲ್ಲಿ ಬ್ಯಾಂಕಿನ ನೌಕರಿಯವಳು. ಮೂವರಿಗೂ ವಿಡಿಯೋ ಗೇಮಿನ ಹುಚ್ಚು. ಐವತ್ತರ ಹತ್ತಿರ ಬಂದ ಹೆಂಗಸು ಸಂಜೆ ಮನೆಗೆ ಹೋಗಿ ಕಾರು ಓಡಿಸುವ ಆಟ ಆಡುತ್ತಾಳೆಂದು ಬ್ಯಾಂಕಿನಲ್ಲಿ ಗೊತ್ತಾದ ದಿನ ನನ್ನ ಮರ್ಯಾದೆ ಸ್ವಲ್ಪ ಕಮ್ಮಿಯಾದದ್ದು ನಿಜ. ಧಾರಾವಾಹಿ ನೋಡಿ ಅಳುವವರು ನನ್ನನ್ನು ನೋಡಿ ನಗುತ್ತಿದ್ದರು. ನಗಲಿ ಎಂದು ಬಿಟ್ಟೆ.

ನಮ್ಮ ಕುಟುಂಬದಲ್ಲಿ ವಸ್ತು ಒಂದೇ ಮನೆಯಲ್ಲಿ ಕೂತಿರುವುದು ಕಡಿಮೆ. ಅಜ್ಜನ ಕಾಲದ ತಾಮ್ರದ ಹಂಡೆ ಒಂದಿದೆ, ಕಂಠದಲ್ಲಿ ಅಜ್ಜನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಹೊಡೆಸಿದ್ದಾರೆ. ಮುಟ್ಟಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಮದುವೆಯಾದರೆ ಅಲ್ಲಿಗೆ ಹೋಗುತ್ತದೆ, ಹೊನ್ನಾವರದಲ್ಲಿ ಗೃಹಪ್ರವೇಶವಾದರೆ ತಮ್ಮನ ಟೆಂಪೊ ಹತ್ತುತ್ತದೆ. ಎಲ್ಲಿದ್ದರೂ ಅದು ನಮ್ಮದೇ. ಡಿಸ್ಕುಗಳೂ ಹಾಗೇ ತಿರುಗುತ್ತಿದ್ದವು. ಬಸ್ಸಿನ ಡ್ರೈವರ್ ಕೈಯಲ್ಲಿ ಪೊಟ್ಟಣ ಕೊಟ್ಟು ಕಳಿಸಿದರೆ ಶಿರಾಲಿಯ ಆಟ ಸಂಜೆಗೆ ಕುಮಟಾದಲ್ಲಿ. ಆಟ ನನ್ನ ಮನೆಯಲ್ಲಿದ್ದಷ್ಟು ದಿನ ಅಣ್ಣನಿಗಿಲ್ಲ. ಇಷ್ಟು ಸರಳವಾಗಿತ್ತು ಲೆಕ್ಕ.

ಮುಂದೆ ಡಿಸ್ಕು ಹೋಗಿ ಆಟಗಳೆಲ್ಲ ಇಂಟರ್ನೆಟ್ಟಿನ ಅಂಗಡಿಗೆ ಸೇರಿದವು. ನಾನು ನನ್ನ ಹೆಸರಲ್ಲಿ ಒಂದು ಖಾತೆ ತೆರೆದೆ. ಪಾಸ್‌ವರ್ಡನ್ನು ಅಣ್ಣನಿಗೂ ತಮ್ಮನಿಗೂ ಹೇಳಿದೆ. ಇದರಲ್ಲಿ ತಪ್ಪೇನಾದರೂ ಇದ್ದೀತೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಂಡೆ ಕೊಡುವಾಗ ಯಾರಾದರೂ ಯೋಚಿಸುತ್ತಾರೆಯೇ?

ಅಷ್ಟರಲ್ಲಿ ಅಣ್ಣನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತೂ ಬಂತು. ಬಲಗೈ ಮಾತ್ರ ಸೆಟೆದು ನಿಂತಿತು. ಕೂದಲೆಳೆಯಂಥ ತಂತಿಯನ್ನು ಎಣಿಸಿ ಸುತ್ತುತ್ತಿದ್ದ ಕೈ ಅದು. ಫಿಸಿಯೋಥೆರಪಿಯವಳು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಳು. ಅಣ್ಣ ಅದನ್ನು ಎರಡು ದಿನ ಹಿಸುಕಿ ಮೂಲೆಗೆಸೆದ. ಆಗ ತಮ್ಮನೇ ಉಪಾಯ ಮಾಡಿ ಟೀವಿಗೆ ಆಟದ ಪೆಟ್ಟಿಗೆ ಜೋಡಿಸಿ, ಕಂಟ್ರೋಲರನ್ನು ಅಣ್ಣನ ಬಲಗೈಯಲ್ಲಿ ಇಟ್ಟ. ದೋಣಿಯ ಆಟ ಶುರುವಾದದ್ದು ಹಾಗೆ.

ಯಾವುದೋ ಹಿಮ ಬೀಳುವ ದೇಶದ ಬಂದರು. ಅಲ್ಲಿ ದೋಣಿ ಕಟ್ಟಬೇಕು, ಬಲೆ ಬೀಸಬೇಕು, ಮೀನು ತಂದು ಮಾರಬೇಕು. "ಇದೆಂತ ಮೀನು ಮಾರಾಯ್ತಿ, ನಮ್ಮ ಬೆಕ್ಕೂ ಮೂಸೂದಿಲ್ಲ" ಎಂದು ಗೊಣಗುತ್ತಲೇ ಅಣ್ಣ ದಿನಾ ಬೆಳಿಗ್ಗೆ ತಿಂಡಿ ತಿಂದು ಕೂರುತ್ತಿದ್ದ. ದೋಣಿಗೆ ಹೆಸರಿಡಿ ಎಂದು ಆಟ ಕೇಳಿದಾಗ ಇಂಗ್ಲಿಷ್ ಅಕ್ಷರಗಳಲ್ಲಿ 'ಶಿರಾಲಿ ರಿವೈಂಡಿಂಗ್ ವರ್ಕ್ಸ್' ಎಂದು ಬರೆದ. ಅಷ್ಟು ಬರೆಯಲು ಅವನಿಗೆ ಇಡೀ ಬೆಳಗು ಹಿಡಿಯಿತು. ನಾನೂ ತಮ್ಮನೂ ನಮ್ಮ ನಮ್ಮ ಮನೆಗಳಿಂದ ಅದೇ ಖಾತೆಯಲ್ಲಿ ಬೇರೆ ಆಟ ಆಡಿಕೊಂಡಿದ್ದೆವು. ಕೆಲವು ತಿಂಗಳಲ್ಲಿ ಅಣ್ಣನ ತೋರುಬೆರಳು ಮಾತು ಕೇಳತೊಡಗಿತು. ಅಂಗಡಿಗೆ ಹೋಗಿ ಸಣ್ಣದೊಂದು ಫ್ಯಾನಿನ ಮೋಟಾರು ಬಿಚ್ಚಿ ನೋಡಿಬಂದನೆಂದು ಅತ್ತಿಗೆ ಫೋನಿನಲ್ಲಿ ಹೇಳಿದಾಗ ನನಗೆ ಅಳುವೇ ಬಂತು.

ಒಂದು ಬೆಳಿಗ್ಗೆ ಬ್ಯಾಂಕಿನಲ್ಲಿದ್ದಾಗ ಮತ್ತೆ ಅತ್ತಿಗೆಯ ಫೋನು. "ಬೇಗ ಬಾ ಮಾರಾಯ್ತಿ. ಇವ್ರು ಟೀವಿ ಮುಂದೆ ಕೂತವ್ರು ಮಾತೇ ಆಡೂದಿಲ್ಲ. ಎಂತ ಕೇಳಿದ್ರೂ ಸುಮ್ನೆ ನೋಡ್ತಾರೆ."

ಲಕ್ವ ಎರಡನೆಯ ಸಲ ಹೊಡೆಯಿತು ಎಂದೇ ತಿಳಿದೆ. ಕೌಂಟರನ್ನು ಪಕ್ಕದವರಿಗೆ ಒಪ್ಪಿಸಿ ಸಿಕ್ಕ ಬಸ್ಸು ಹತ್ತಿ ಹೊನ್ನಾವರಕ್ಕೆ ಬಂದೆ. ತಮ್ಮ ಟೆಂಪೊ ಹಿಡಿದು ಕಾದಿದ್ದ. ಯಾರದೋ ಸಿಮೆಂಟ್ ಚೀಲಗಳನ್ನು ಇಳಿಸಲೂ ಪುರಸೊತ್ತಾಗದೆ ಹಾಗೇ ಬಂದಿದ್ದ. ಶರಾವತಿಯ ಸೇತುವೆ ದಾಟುವಾಗ ನಾನು ಮನಸ್ಸಿನಲ್ಲೇ ಯಾವ ಆಸ್ಪತ್ರೆ, ಯಾರಿಗೆ ಫೋನು ಎಂದೆಲ್ಲ ಜೋಡಿಸುತ್ತಿದ್ದೆ.

ಹೋಗಿ ನೋಡಿದರೆ ಅಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾನೆ. ಕೈಯಲ್ಲಿ ಕಂಟ್ರೋಲರ್. ಹೆಬ್ಬೆರಳು ಗುಂಡಿಯ ಮೇಲೆ. ಟೀವಿಯಲ್ಲಿ ದೋಣಿಯಿಲ್ಲ, ಬಂದರಿಲ್ಲ, ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಎರಡು ಸಾಲು. ನಿಯಮ ಮೀರಿ ಹಂಚಿಕೊಂಡ ಕಾರಣ ಈ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ.

"ಇಷ್ಟಕ್ಕಾ?" ಎಂದ ತಮ್ಮ. ಹಾಗೆಂದವನೇ ನೆಲದ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡ. ಅಣ್ಣ ಬದುಕಿದ್ದಾನೆ, ನೆಟ್ಟಗಿದ್ದಾನೆ ಎಂಬ ಸಮಾಧಾನ ಒಂದು ಗಳಿಗೆ ಇತ್ತು. ಆಮೇಲೆ ಅವನ ಮುಖ ನೋಡಿದೆ.

"ಬಲೆ ಎಳೀತಾ ಇದ್ದೆ. ಕೈಯಿಂದ ಕಸ್ಕಂಡ ಹಾಗಾತು" ಎಂದ ಅಣ್ಣ. ಆ ದಿನ ಅವನು ಆಡಿದ ಮೊದಲ ಮಾತು ಅದು.

ಮೂರು ಊರುಗಳಿಂದ ಒಂದೇ ಖಾತೆ ತೆರೆದುಕೊಳ್ಳುವುದನ್ನು ಇಂಟರ್ನೆಟ್ಟಿನ ಅಂಗಡಿಯವರ ಯಂತ್ರ ಹಿಡಿದಿತ್ತು. ನಾನು ಅಲ್ಲೇ ಕೂತು ಅಂಗಡಿಯ ಸಹಾಯಕರಿಗೆ ಬರೆದೆ. ನಮ್ಮಣ್ಣನಿಗೆ ಲಕ್ವ, ಬೇಕಾದರೆ ನಮ್ಮಿಬ್ಬರನ್ನು ತೆಗೆಯಿರಿ, ಅವನ ಆಟ ಬಿಡಿ, ನಾವು ಕೊಂಡದ್ದಕ್ಕೆ ರಸೀದಿ ಇದೆ ಎಂದೆ. ಬಹಳ ಸೌಜನ್ಯದ ಉತ್ತರ ಬಂತು. ನೀವು ಆಟವನ್ನು ಕೊಂಡಿಲ್ಲ, ಆಡಲು ಪರವಾನಗಿ ಪಡೆದಿದ್ದೀರಿ, ಅದನ್ನು ಯಾವಾಗ ಬೇಕಾದರೂ ಹಿಂತೆಗೆಯುವ ಹಕ್ಕು ನಮಗಿದೆ, ನೀವು ಒಪ್ಪಿದ್ದೀರಿ. ನಾನು ಆ ಒಪ್ಪಂದ ತೆರೆದು ಓದಿದೆ. ಹೌದು, ಒಪ್ಪಿದ್ದೆ. ಸಹಿ ಮಾಡುವ ಮುಂಚೆ ಓದಿ ಎಂದು ದಿನವೂ ಗಿರಾಕಿಗಳಿಗೆ ಹೇಳುವವಳು, 'ಕೊಳ್ಳಿರಿ' ಎಂಬ ಗುಂಡಿ ನೋಡಿ ಕೊಂಡೆನೆಂದೇ ನಂಬಿದ್ದೆ. ನಮ್ಮ ಕೈಯಲ್ಲಿದ್ದದ್ದು ನಮ್ಮದಾಗಿರಲೇ ಇಲ್ಲ ಎಂಬುದು ಆವತ್ತು ತಲೆಗೆ ಹೋದಾಗ, ನಿಜ ಹೇಳುತ್ತೇನೆ, ನನಗೆ ದಿಗಿಲಾಯಿತು. ಮನೆಯೊಳಗಿನ ಮತ್ತೆ ಯಾವ ಯಾವ ವಸ್ತು ಹೀಗಿದೆಯೋ ಎಂದು ಸುತ್ತ ನೋಡಿದೆ.

ಉತ್ತರವನ್ನು ಕನ್ನಡದಲ್ಲಿ ಹೇಳಿದಾಗ ಅಣ್ಣ ಕಂಟ್ರೋಲರನ್ನು ಕೆಳಗಿಟ್ಟ. "ಅಲ್ದೆ ತಂಗಿ, ನಾ ರಿವೈಂಡ್ ಮಾಡಿ ಕೊಟ್ಟ ಮೋಟ್ರಲ್ಲಿ ಗಿರಾಕಿ ಪಕ್ಕದ್ಮನೆ ಗದ್ದೆಗೂ ನೀರು ಬಿಟ್ಟ ಅಂದ್ಕ. ನಾ ಹೋಗಿ ಬಿಚ್ಕಂಡ್ ಬಂದ್ರೆ ಊರವ್ರು ಎಂತ ಹೇಳೂರು?"

"ಹೊಡೆಯೂರು" ಎಂದ ತಮ್ಮ.

"ಆತಲ್ಲ. ಇನ್ನು ಆ ಅಂಗಡಿ ಬೇಡ."

ಅಂಗಡಿ ಬಿಡುವುದೆಂದರೆ ನಮ್ಮಲ್ಲಿ ದೊಡ್ಡ ಮಾತು. ಅಪ್ಪ ಒಮ್ಮೆ ತೂಕದ ಜಗಳದಲ್ಲಿ ಶಿರಾಲಿಯ ಒಂದು ದಿನಸಿ ಅಂಗಡಿ ಬಿಟ್ಟಿದ್ದರು. ಬೈಯಲಿಲ್ಲ, ಊರಿಗೆಲ್ಲ ಸಾರಲಿಲ್ಲ. ಸಾಯುವವರೆಗೂ ಖಾಲಿ ಚೀಲ ಹಿಡಿದು ಆ ಅಂಗಡಿಯ ಮುಂದಿನಿಂದಲೇ ಹಾದು, ಮಾಲಕರಿಗೆ ನಮಸ್ಕಾರ ಹೇಳಿ, ಮುಂದಿನ ಅಂಗಡಿಗೆ ಹೋಗಿ ಚೀಲ ತುಂಬಿಸಿ, ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದರು. ಪಾಪ, ಆ ಮಾಲಕರು ಅಪ್ಪ ಬರುವ ಹೊತ್ತಿಗೆ ಒಳಗೆ ಹೋಗಿ ಕೂರುತ್ತಿದ್ದರಂತೆ. ಆದರೆ ಇಂಟರ್ನೆಟ್ಟಿನ ಅಂಗಡಿಯ ಮುಂದೆ ಖಾಲಿ ಚೀಲ ಹಿಡಿದು ಹಾಯುವುದು ಹೇಗೆ? ನಾವು ಬಿಟ್ಟದ್ದು ಅವರಿಗೆ ಗೊತ್ತಾಗುವುದಾದರೂ ಎಂತು? ಹಾಗೆಂದು ಅಣ್ಣನನ್ನು ಕೇಳಿದೆ.

"ಅವರಿಗೆ ಗೊತ್ತಾಗೂದು ಬೇಡ. ನಂಗೆ ಗೊತ್ತದೆ" ಎಂದ.

ನಾನೂ ತಮ್ಮನೂ ಬಿಟ್ಟೆವು. ನಮಗೇನು, ಹೋದರೆ ಕಾಲಹರಣ ಹೋಯಿತು. ಅಣ್ಣನದು ಹಾಗಲ್ಲ. ಅವನ ಹೆಸರಲ್ಲೇ ಬೇರೆ ಖಾತೆ ತೆರೆದು ಅದೇ ಆಟ ಮತ್ತೆ ಕೊಡಿಸುತ್ತೇನೆಂದೆ. ತಲೆ ಅಲ್ಲಾಡಿಸಿದ. ಸಣ್ಣ ತಯಾರಕರೊಬ್ಬರು ಖಾತೆ, ಪರವಾನಗಿ ಎಂಬ ಯಾವ ಬೀಗವೂ ಇಲ್ಲದೆ ಮಾರುವ ಒಂದು ಆಟ ಹುಡುಕಿ ಪೆನ್ ಡ್ರೈವಿನಲ್ಲಿ ತಂದುಕೊಟ್ಟೆ. ಅದನ್ನು ಮೆಚ್ಚಿದ, ಆದರೆ ಮನಸ್ಸಿಟ್ಟು ಕೂರಲಿಲ್ಲ. ದಿನ ಕಳೆದಂತೆ ಬಲಗೈ ಮತ್ತೆ ಮಡಿಲಲ್ಲಿ ಮುದುಡಿ ಕೂತಿತು. ಫ್ಯಾನಿನ ಮೋಟಾರು ಅವನ ಅಂಗಡಿಯ ಮೇಜಿನ ಮೇಲೆ ಬಿಚ್ಚಿದ್ದು ಬಿಚ್ಚಿದಂತೆಯೇ ಉಳಿಯಿತು. ನನಗೆ ಸಿಟ್ಟು ಬಂತು. ಆಟದ ಅಂಗಡಿಯವರ ಮೇಲಿನದ್ದಕ್ಕಿಂತ ಹೆಚ್ಚು ಅಣ್ಣನ ಮೇಲೆ. "ನಿನ್ನ ಹಟ ದೊಡ್ಡದೋ ಕೈ ದೊಡ್ಡದೋ?" ಎಂದು ಫೋನಿನಲ್ಲಿ ಕೂಗಿಯೇ ಬಿಟ್ಟೆ. ಆ ಕಡೆ ಅತ್ತಿಗೆ ಅಳುತ್ತಿದ್ದರು. ಯಾರಿಗೂ ಯಾವತ್ತೂ ಎದುರಾಡದ ನಮ್ಮಣ್ಣನಲ್ಲಿ ಇಂಥದ್ದೊಂದು ಹಟ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆದರೂ ನಾನು ಅವನಿಗೆ ಹೇಳದೆ ಆಟದ ಅಂಗಡಿಗೆ ಬರೆಯುತ್ತಲೇ ಇದ್ದೆ. ಅಟ್ಟದಲ್ಲಿ ಆ ಡಿಸ್ಕು ಸಿಕ್ಕಿದ ಮಾರನೇ ದಿನವೇ ಉತ್ತರ ಬಂತು. ನಿಮ್ಮ ಮನವಿಯನ್ನು ಪರಿಶೀಲಿಸಿ ಈ ಒಂದು ಬಾರಿಗೆ ವಿನಾಯಿತಿಯಾಗಿ ಖಾತೆ ತೆರೆದುಕೊಟ್ಟಿದ್ದೇವೆ. ನಾನು ಗೆದ್ದೆನೆಂದುಕೊಂಡೆ. ಈ ಭಾನುವಾರ ಶಿರಾಲಿಗೆ ಹೋಗಿ ಮಾತಾಡದೆ ಟೀವಿ ಹಾಕಿ ಆಟ ತೆರೆದೆ. ಹಿಮದ ಬಂದರು, ಕಟ್ಟೆಯಾಚೆ ನೀರಿನಲ್ಲಿ ದೋಣಿ, ಅರ್ಧ ಎಳೆದ ಬಲೆ. ಎಲ್ಲ ಹಾಗೆಯೇ ಇತ್ತು.

ಅಣ್ಣ ಕುರ್ಚಿ ಎಳೆದುಕೊಂಡ. ಮುಖ ಅರಳಿತು, ಅದನ್ನು ನಾನು ಕಂಡೆ. "ಕೊಟ್ರನೆ?"

"ಹೌದು. ಈ ಒಂದ್ ಸಲಕ್ಕೆ ಅಂತ."

ಅವನು ಕಂಟ್ರೋಲರನ್ನು ಎಡಗೈಯಿಂದ ಎತ್ತಿ ಬಲಗೈಯೊಳಗೆ ಕೂರಿಸಿದ. ಉಳಿದ ಬಲೆಯನ್ನು ಎಳೆದ. ಮೀನು ಇಳಿಸಿದ, ಮಾರಿದ, ದೋಣಿಯನ್ನು ಕಟ್ಟೆಗೆ ಕಟ್ಟಿದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅಣ್ಣ ಆಟದಿಂದ ಹೊರಗೆ ಬಂದು, ಒಂದೊಂದೇ ಪುಟ ದಾಟಿ, ಖಾತೆಯ ಪುಟ ತೆರೆದು, ಕೊನೆಯ ಸಾಲಿನ ಮೇಲೆ ನಿಂತ. 'ಖಾತೆಯನ್ನು ಅಳಿಸಿ' ಎಂದಿತ್ತು ಅಲ್ಲಿ.

"ಎಂತ ಮಾಡ್ತೀಯೋ?" ಎಂದೆ.

"ಇವತ್ತು ಕೊಟ್ರು. ನಾಳೆ ತಗಂಡ್ರೆ ಮತ್ತೆ ನೀ ಬರ್ದು ಬೇಡ್ತೆ. ಬೇಡಿ ತಂದದ್ದು ನಮ್ದು ಹೆಂಗಾತು?" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಇದ್ರಾಗೆ ನಿಂದೂ ಅದೆ, ತಮ್ಮಂದೂ ಅದೆ. ನೀ ಹೇಳು. ಒತ್ಲಾ?"

ನಾನು ಆ ಕೈಯನ್ನು ನೋಡಿದೆ. ಬೇಡ ಎನ್ನಬೇಕೆಂದು ಬಾಯಿ ತೆರೆದವಳು, "ಒತ್ತು" ಎಂದೆ. ನಾನೇ ಹಾಗೆಂದದ್ದು ಕೇಳಿ ನನಗೇ ಆಶ್ಚರ್ಯವಾಯಿತು.

ಸುಮ್ಮನೆ ಒತ್ತಿದರೆ ಆಗುವುದಿಲ್ಲ, ಒತ್ತಿ ಹಿಡಿಯಬೇಕು. ಪರದೆಯ ಮೇಲಿನ ಸುತ್ತು ಪೂರ್ತಿ ತುಂಬಬೇಕು. ಮೊದಲ ಸಲ ಅರ್ಧಕ್ಕೆ ಬೆರಳು ಜಾರಿತು. ಮತ್ತೆ ಒತ್ತಿದ, ಮತ್ತೆ ಜಾರಿತು. ನಾನು ಕೈ ಚಾಚಿದೆ. ಅವನು ಮೊಣಕೈಯಿಂದ ನನ್ನನ್ನು ಸರಿಸಿದ. ಮೂರನೆಯ ಸಲ ಹೆಬ್ಬೆರಳು ನಡುಗಿತು, ಮಣಿಕಟ್ಟು ನಡುಗಿತು, ಹಣೆಯಲ್ಲಿ ಬೆವರು ಬಂತು. ಸುತ್ತು ತುಂಬಿತು. ಬಂದರು, ದೋಣಿ, ನಮ್ಮೆಲ್ಲರ ಆಟಗಳು, ಎಲ್ಲ ಹೋಗಿ ಪರದೆ ಖಾಲಿಯಾಯಿತು.

"ಆತು ಅಣ್ಣ, ಬಿಡು" ಎಂದೆ. ಹೆಬ್ಬೆರಳು ಗುಂಡಿಯ ಮೇಲೆ ಸೆಟೆದು ನಿಂತಿತ್ತು. ಬಿಡಿಸಲೆಂದು ಹಿಡಿಯಹೋದೆ.

"ನೀ ಮುಟ್ಬೇಡ" ಎಂದ ಅಣ್ಣ. "ನಾನೇ ತೆಗೀತೇನೆ."

ನಾನೂ ಅತ್ತಿಗೆಯೂ ಕಾದೆವು. ತುಸು ಹೊತ್ತು ಹಿಡಿಯಿತು, ಆದರೆ ಅವನೇ ತೆಗೆದ.