ರೇಣುಕಾ ಕೂಗಿದ ದಿನ

ಹೋದ ವರ್ಷ ಹೋಳಿ ಹುಣ್ಣಿಮೆಗೆ ಇನ್ನೂ ಎಂಟು ದಿನ ಇತ್ತು. ಕಡಲೆ ಸುಗ್ಗಿ ಜೋರಾಗಿ, ಅಣ್ಣಿಗೇರಿ ಹೊರಗೆ ನಾನು ಕೆಲಸ ಮಾಡುವ ಬೇಳೆ ಮಿಲ್ಲಿನ ಅಂಗಳದಲ್ಲಿ ಚೀಲ ಇಳಿಸಲೂ ಜಾಗವಿರಲಿಲ್ಲ. ಅಂಥ ಹೊತ್ತಿನಲ್ಲಿ ನಮ್ಮ ಮಾಲೀಕರು, ಎರಡು ದಿನ ಮಧ್ಯಾಹ್ನದ ಮೇಲೆ ಎಲ್ಲರಿಗೂ ತರಬೇತಿ ಇದೆ, ಯಾರೂ ತಪ್ಪಿಸಬಾರದು ಅಂದರು. ಏನು ತರಬೇತಿ ಎಂದು ಕೇಳಿದರೆ, ಒಬ್ಬರ ಜೊತೆ ಒಬ್ಬರು ಹೇಗೆ ಮಾತಾಡಬೇಕು, ಕೂಡಿ ಹೇಗೆ ಕೆಲಸ ಮಾಡಬೇಕು ಅನ್ನುವುದಂತೆ.

ನನಗೆ ನಗುವೂ ಬಂತು, ಸಿಟ್ಟೂ ಬಂತು. ಹದಿನೆಂಟು ವರ್ಷದಿಂದ ನಾನು ಅಲ್ಲಿ ಮಿಸ್ತ್ರಿ. ಯಾವ ಮಷಿನ್ ಕೆಟ್ಟರೂ ನನ್ನನ್ನೇ ಕರೆಯಬೇಕು. ಬಾಯಿ ಸ್ವಲ್ಪ ಜೋರು, ಅದನ್ನು ನನ್ನ ಹೆಂಡತಿಯೂ ಹೇಳುತ್ತಾಳೆ. "ಮಾತಾಡೂದನ್ನ ಕಲಸಾಕ ಹುಬ್ಬಳ್ಳಿಯಿಂದ ಮಂದಿ ಬರಬೇಕೇನ್ರಿ? ನಮಗ ಬಾಯಿ ಮುಚ್ಚೂದನ್ನ ಕಲಸ್ರಿ," ಎಂದು ಎಲ್ಲರನ್ನೂ ನಗಿಸಿದೆ.

ಬಂದವರು ಒಬ್ಬ ಮೇಡಂ. ಚಹಾ ಕುಡಿಯುವ ಶೆಡ್ಡಿನಲ್ಲಿ ನಮ್ಮನ್ನೆಲ್ಲ ಸುತ್ತ ಕೂಡಿಸಿ ಆಟ ಆಡಿಸಿದರು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಗಿ ಹೇಳಿ ತೋರಿಸಬೇಕು, ಹಂಗೆಲ್ಲ. ಎರಡನೇ ದಿನ ಒಂದು ನಿಯಮ ಹೇಳಿಕೊಟ್ಟರು. ಅಪಾಯ ಕಂಡವರು ಯಾರೇ ಇರಲಿ, ಎದುರಿಗಿದ್ದವರು ಎಷ್ಟೇ ದೊಡ್ಡವರಿರಲಿ, "ನಿಲ್ಲಸ್ರಿ" ಎಂದು ಕೂಗಬೇಕು. ಕೇಳಿದವರು ಯಾಕೆ ಏನು ಅನ್ನದೆ ಮೊದಲು ಮಷಿನ್ ನಿಲ್ಲಿಸಬೇಕು, ಆಮೇಲೆ ಪ್ರಶ್ನೆ. ಸರದಿ ಪ್ರಕಾರ ಎಲ್ಲರೂ ಎದ್ದು ನಿಂತು ಕೂಗಿ ತೋರಿಸಬೇಕಿತ್ತು. ನಾನಂತೂ ಶೆಡ್ಡಿನ ತಗಡು ನಡುಗುವಂತೆ ಕೂಗಿದೆ.

ರೇಣುಕಾಳ ಸರದಿ ಬಂದಾಗ ಎಲ್ಲ ನಿಂತುಹೋಯಿತು. ರೇಣುಕಾ ಶಲವಡಿಯ ಹುಡುಗಿ, ಕಾಳು ಹಸನು ಮಾಡುವ ಕೆಲಸದಲ್ಲಿದ್ದಾಳೆ. ನಮ್ಮ ಮಿಲ್ಲಿನಲ್ಲಿ ಮೋಟಾರುಗಳ ಸ್ವಿಚ್ ಬೋರ್ಡ್ ನೋಡಿಕೊಳ್ಳುವ ಬಸಪ್ಪ ಅವಳ ಮಾವ, ಗಂಡನ ತಂದೆ. ಅವರ ಮನೆಯಲ್ಲಿ ಸೊಸೆ ಮಾವನ ಎದುರಿಗೆ ನೇರ ಮಾತಾಡುವ ಪದ್ಧತಿಯಿಲ್ಲ. ಮಿಲ್ಲಿನಲ್ಲೂ ಅದೇ. ಮಾವ ನಾಲ್ಕು ಹೆಜ್ಜೆ ದೂರದಲ್ಲೇ ಇದ್ದರೂ ಅವಳು ಜೊತೆಗಿರುವ ಕಲ್ಲವ್ವನಿಗೆ ಹೇಳಬೇಕು, ಕಲ್ಲವ್ವ ಅವನಿಗೆ ಮುಟ್ಟಿಸಬೇಕು. ನಮಗೆಲ್ಲ ಅದು ರೂಢಿಯಾಗಿತ್ತು, ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಆಕೆ ಸೆರಗು ಹಿಡಿದು ನಿಂತೇ ಇದ್ದಳು. ಮೇಡಂ ಎರಡು ಸಲ ಹೇಳಿದರು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ನಾನು ಸುಮ್ಮನಿರಬೇಕಿತ್ತು. "ಮನ್ಯಾಗ ಉಸಿರ ಬಿಡದಾಕಿ ಇಲ್ಲಿ ಏನ ಕೂಗ್ತಾಳ್ರಿ ಮೇಡಂ? ಮುಂದಿನವರನ್ನ ಕರೀರಿ," ಅಂದುಬಿಟ್ಟೆ. ನಾಲ್ಕೈದು ಮಂದಿ ನಕ್ಕರು. ಅವಳ ಕಣ್ಣಲ್ಲಿ ನೀರು ಬಂತು.

ಮೇಡಂ ನನ್ನ ಕಡೆ ನೋಡಲೂ ಇಲ್ಲ. ಬಸಪ್ಪನಿಗೆ, "ಯಜಮಾನ್ರ, ಇದಕ್ಕ ನೀವ ಒಂದ ದಾರಿ ಹೇಳ್ರಿ," ಅಂದರು. ಬಸಪ್ಪ ಹೆಚ್ಚು ಮಾತಿನವನಲ್ಲ. ಟೋಪಿ ಸರಿಮಾಡಿಕೊಂಡ, ಎದ್ದು ಹೊರಗೆ ನಡೆದ. ಸಿಟ್ಟಾಗಿ ಹೋದ ಎಂದೇ ಎಲ್ಲರೂ ಅಂದುಕೊಂಡೆವು. ಗೋಡೆಯ ಆ ಕಡೆಯಿಂದ ಅವನ ದನಿ ಬಂತು: "ನಾ ಇಲ್ಲಿ ಹೊರಗ ನಿಂತೀನಿ. ಕೂಗವಾ. ನನಗ ಕೇಳ್ಸಿದ್ರ ಒಳಗ ಬರ್ತೀನಿ."

ಮೊದಲ ಸಲ ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ. "ಕೇಳವಲ್ದು!" ಎಂದ ಬಸಪ್ಪ. ಎರಡನೇ ಸಲವೂ ಹಾಗೇ ಅಂದ. ಮೂರನೇ ಸಲ ಆಕೆ ಕಣ್ಣು ಮುಚ್ಚಿಕೊಂಡು ಕೂಗಿದಳು. ಬಸಪ್ಪ ಒಳಗೆ ಬಂದು ಏನೂ ಆಗದವನಂತೆ ತನ್ನ ಜಾಗದಲ್ಲಿ ಕೂತ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಅದಾದ ನಾಲ್ಕನೇ ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆ, ಕಾಳನ್ನು ಮೇಲಕ್ಕೆತ್ತುವ ಪಟ್ಟಾ ಸಿಕ್ಕಿಕೊಂಡಿತು. ಆ ಪಟ್ಟಾಕ್ಕೆ ಉದ್ದಕ್ಕೂ ಕಬ್ಬಿಣದ ಡಬ್ಬಿಗಳಿವೆ, ಕೆಳಗೆ ನೆಲದಲ್ಲಿ ತೋಡಿದ ಒಂದು ಕುಣಿಯಲ್ಲಿ ಅದು ತಿರುಗುತ್ತದೆ. ಬಸಪ್ಪ ಮೋಟಾರು ಬಂದ್ ಮಾಡಿದ. ನಾನು ಕುಣಿಗೆ ಇಳಿದು, ಸಿಕ್ಕಿದ್ದ ಚೀಲದ ತುಂಡು ಕಿತ್ತು ತೆಗೆದು, ಮೇಲೆ ಬಂದು ಕೈ ಎತ್ತಿದೆ. ನಾನು ಕೈ ಎತ್ತಿದರೆ ಕೆಲಸ ಮುಗಿಯಿತು, ಚಾಲೂ ಮಾಡು ಎಂದು ಅರ್ಥ. ಬಸಪ್ಪ ನೋಡಿ ತಲೆಯಾಡಿಸಿ, ಚೀಲದ ರಾಶಿಯ ಹಿಂದೆ ಇರುವ ಬೋರ್ಡಿನ ಕಡೆ ಹೊರಟ.

ಅಷ್ಟರಲ್ಲಿ ನನಗೆ ನಟ್ಟು ಬಿಚ್ಚುವ ಪಾನಾ ಒಳಗೇ ಬಿಟ್ಟಿದ್ದು ನೆನಪಾಯಿತು. ಒಂದು ಕ್ಷಣದ ಕೆಲಸ, ಹೇಳುವುದೇನು ಎಂದುಕೊಂಡು ಕುಣಿಯ ಅಂಚಿನಿಂದಲೇ ಬಗ್ಗಿ ಬಲಗೈ ಪೂರ್ತಿ ಪಟ್ಟಾದ ಸಂದಿಗೆ ಹಾಕಿದೆ. ಬೋರ್ಡಿನ ಹತ್ತಿರ ನಿಂತವನಿಗೆ ಕುಣಿ ಕಾಣುವುದಿಲ್ಲ. ಕಲ್ಲವ್ವ ನೀರು ಕುಡಿಯಲು ಹೋಗಿದ್ದಳು. ಚೆಲ್ಲಿದ ಕಾಳು ಗುಡಿಸುತ್ತ, ಎರಡೂ ಕಡೆ ಕಾಣುವಂತೆ ನಡುವೆ ಇದ್ದವಳು ರೇಣುಕಾ ಒಬ್ಬಳೇ.

"ಮಾವಾರ! ನಿಲ್ಲಸ್ರಿ!"

ಪಕ್ಕದ ಮಷಿನ್‌ಗಳ ಸದ್ದಿನ ನಡುವೆಯೂ ಆ ಕೂಗು ಇಡೀ ಮಿಲ್ಲಿಗೆ ಕೇಳಿಸಿತು. ನಾನು ಬೆಚ್ಚಿ ಕೈ ಎಳೆದುಕೊಂಡೆ. ಬಸಪ್ಪನ ಬೆರಳು ಆಗಲೇ ಸ್ವಿಚ್ಚಿನ ಮೇಲಿತ್ತಂತೆ. ಆತ ಒತ್ತಲಿಲ್ಲ. ಓಡಿ ಬಂದು ಸೊಸೆಯ ಮುಖ ನೋಡಿದ. ಆಕೆ ನನ್ನ ಕಡೆ ಬೆರಳು ತೋರಿಸಿದಳು. ಕುಣಿಯ ಅಂಚಿನಲ್ಲಿ ಬಗ್ಗಿಕೊಂಡಿದ್ದ ನನ್ನನ್ನು ನೋಡಿದವನೇ ಬಸಪ್ಪ ಹಾಗೇ ಚೀಲದ ಮೇಲೆ ಕುಸಿದು ಕೂತ. "ನಿನ್ನ ಕೈ ನಾನ ಕಳೀತಿದ್ನಲ್ಲೋ ಮಾರಾಯಾ," ಅಂದ.

ತರಬೇತಿಯ ನಂತರ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಐದು ನಿಮಿಷ ಎಲ್ಲರೂ ಕೂಡುವುದು ಶುರುವಾಗಿತ್ತು. ನಾನು ದೂರದಲ್ಲಿ ಅಡಿಕೆ ಅಗಿಯುತ್ತ ನಿಲ್ಲುತ್ತಿದ್ದೆ. ಮರುದಿನ ಮಾತ್ರ ನಡುವೆ ಹೋಗಿ ನಿಂತೆ. "ಅವತ್ತ ನಾ ನಿನ್ನ ಆಡ್ಕೊಂಡಿದ್ದು ದೊಡ್ಡ ತಪ್ಪಾತು," ಎಂದು ನನ್ನ ಮಗಳ ವಯಸ್ಸಿನ ಆಕೆಗೆ ಎಲ್ಲರ ಮುಂದೆ ಕೈ ಮುಗಿದೆ.

ಆಕೆ ತಲೆ ತಗ್ಗಿಸಿಕೊಂಡೇ ಇದ್ದಳು. ಆದರೆ ದನಿ ಸ್ಪಷ್ಟವಾಗಿತ್ತು. "ಕೈ ಮುಗೀಬ್ಯಾಡ್ರಿ ಕಾಕಾ. ತಿರುಗಿ ಬಗ್ಗೂವಾಗ ಒಂದ ಮಾತ ಹೇಳಿದ್ರ ಸಾಕಿತ್ತಲ್ರಿ."

ಯಾರೂ ನಗಲಿಲ್ಲ. ದಿನವಿಡೀ ಬಾಯಿ ಬಡಿದುಕೊಳ್ಳುವ ನಾನು, ಹೇಳಲೇಬೇಕಾಗಿದ್ದ ಒಂದೇ ಒಂದು ಮಾತನ್ನು ಹೇಳಿರಲಿಲ್ಲ. ಮಾತು ಬಾರದವಳು ಎಂದು ನಾನು ಆಡಿಕೊಂಡವಳು ಸರಿಯಾದ ಹೊತ್ತಿಗೆ ಹೇಳಿದಳು.

ಈಗ ಕುಣಿಗೆ ಇಳಿಯುವ ಮುಂಚೆ ಬಸಪ್ಪನ ಎದುರಿಗೆ ಹೋಗಿ, "ನಾ ಒಳಗ ಇಳೀತೀನಿ," ಅನ್ನುತ್ತೇನೆ. "ನೀ ಒಳಗ ಇದ್ದಿ," ಎಂದು ಅವನು ತಿರುಗಿ ಹೇಳುವ ತನಕ ಇಳಿಯುವುದಿಲ್ಲ. ಎಷ್ಟೇ ಅವಸರವಿರಲಿ, ಮಾಲೀಕರೇ ಬಂದು ನಿಂತಿರಲಿ, ಇದನ್ನು ಮಾತ್ರ ಬಿಟ್ಟಿಲ್ಲ.

ಬಲಗೈಯಲ್ಲಿ ರೊಟ್ಟಿ ಮುರಿಯುವಾಗ ಎಷ್ಟೋ ಸಲ ಆಕೆಯ ನೆನಪಾಗುತ್ತದೆ. ಅವತ್ತು ತಪ್ಪು ಒಪ್ಪಿಕೊಂಡೆ, ಕೈ ಮುಗಿದೆ, ಅಷ್ಟೇ. ನಿನ್ನಿಂದ ನನ್ನ ಕೈ ಉಳಿಯಿತು ತಾಯಿ, ನನ್ನ ಮನೆ ಉಳಿಯಿತು ಎಂದು ಬಾಯಿಬಿಟ್ಟು ಹೇಳಲು ಇವತ್ತಿನ ತನಕ ಆಗಿಲ್ಲ. ಅದಕ್ಕೇ, ಉಳಿದ ಆ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ.