ಬಾಲದ ಹತ್ತಿರ ತಂತಿ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ, ಅವರದೇ ದನಿಯಲ್ಲಿ ಅದನ್ನು ಅವರ ಮುಂದೆಯೇ ಹೇಳಿ ನಗಿಸುತ್ತಿದ್ದವನು ನಾನು. ಮಿಮಿಕ್ರಿ ನನ್ನ ಹೊಟ್ಟೆಪಾಡು, ನಂಬದಿರುವುದು ನನ್ನ ಚಟ. ಈಗ ನೀವು ನಗಬಹುದು, ನನ್ನ ಸರದಿ ಬಂದಿದೆ.

ನನ್ನ ಸೋದರಮಾವ ವಾಯುಸೇನೆಯ ಹೆಲಿಕಾಪ್ಟರಿನಲ್ಲಿದ್ದವರು. ಪ್ರವಾಹದಲ್ಲಿ, ಕಣಿವೆಯಲ್ಲಿ ಸಿಕ್ಕಿಕೊಂಡವರನ್ನು ಹಗ್ಗ ಇಳಿಸಿ ಎತ್ತುವ ಕೆಲಸ. ಪೈಲಟ್‌ಗೆ ತನ್ನ ಕಾಲಡಿ ಏನಿದೆಯೋ ಕಾಣುವುದಿಲ್ಲವಂತೆ. ಬಾಗಿಲಲ್ಲಿ ಬೋರಲು ಮಲಗಿ ‘ಮುಂದೆ, ಎಡಕ್ಕೆ, ನಿಲ್ಲು’ ಎನ್ನುವವನೇ ಅವನ ಕಣ್ಣು, ಮಾವ ಆ ಕಣ್ಣಾಗಿದ್ದವರು. ಅಕ್ಕನ ಗಂಡ, ನಮ್ಮ ಭಾವ, ಖಾಸಗಿ ಕಂಪನಿಯೊಂದರ ಪೈಲಟ್. ಸರ್ಕಾರ ಕರೆದಾಗ ಅದೇ ಕೆಲಸಕ್ಕೆ ಹಾರುತ್ತಾರೆ. ಕುವೆಂಪುನಗರದ ಅಕ್ಕನ ಮನೆಯಲ್ಲಿ ಇಬ್ಬರೂ ಸೇರಿದರೆ ಊಟ ಆರುವವರೆಗೂ ಜಗಳ.

“ನಿಮ್ ಕಂಪನಿಯೋರಿಗೆ ಕರಾರಲ್ಲಿ ಬರೆದಿದ್ರೆ ಮಾತ್ರ ಕಣಿವೆ ಕಾಣ್ಸೋದು” ಎಂದು ಮಾವ.

“ನಿಮ್ಗೆ ಮೇಲಿನೋರ ಅಪ್ಪಣೆ ಬರೋ ಹೊತ್ಗೆ ಬಿದ್ದೋನೇ ಎದ್ದು ಮನೆಗೆ ನಡ್ಕೊಂಡು ಹೋಗಿರ್ತಾನೆ ಮಾವ” ಎಂದು ಭಾವ.

ನಡುವೆ ಎರಡೂ ಪಕ್ಷದ ದನಿ ನಾನೇ, ರೆಕ್ಕೆಯ ಸದ್ದೂ ನಾನೇ.

ಕೆಲವು ವರ್ಷಗಳ ಹಿಂದೆ, ಉತ್ತರದ ಬೆಟ್ಟಗಳಲ್ಲಿ ಗುಡ್ಡ ಕುಸಿದಾಗ ಭಾವ ಅಲ್ಲಿಗೆ ಹೋಗಿದ್ದರು. ಮಧ್ಯಾಹ್ನ ಹಾರಿದವರ ಸುದ್ದಿ ಸಂಜೆಯಾದರೂ ಇಲ್ಲ. ಅಕ್ಕ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಾವ ಚುರುಮುರಿ ಕಟ್ಟಿಸಿಕೊಂಡು ಬಂದವರು ಪೊಟ್ಟಣ ಬಿಚ್ಚಲೇ ಇಲ್ಲ.

“ನೀನೂ ಸುಮ್ನಿರ್ಬೇಡ ಕಣೋ, ಮಾವನ್ನ ಮಾಡು” ಎಂದಳು ಅಕ್ಕ.

ಸೋಫಾದ ಮೇಲೆ ಬೋರಲು ಮಲಗಿ, ತಲೆಯನ್ನು ಅಂಚಿನಿಂದ ಆಚೆ ಚಾಚಿ ಶುರುಮಾಡಿದೆ. ಮುಂದೆ, ಎಡಕ್ಕೆ ಎನ್ನುವಷ್ಟರಲ್ಲಿ ನನ್ನ ಬಾಯಿಂದ ಬಂತು: “ಹಿಂದಕ್ಕೆ ಬರ್ಬೇಡ ಕಣಪ್ಪ. ಬಾಲದತ್ರ ತಂತಿ ಐತೆ. ಅಲ್ಲೇ ನಿಂತ್ಕೊ.”

ಅದು ನಾನು ಕಟ್ಟಿದ ಮಾತಲ್ಲ. ಅಕ್ಕ ನಗಲಿಲ್ಲ. ಮಾವ ನನ್ನನ್ನೇ ನೋಡುತ್ತಾ, “ಅದ್ನೇ ಕಣೋ ನಾನು ಒಳಗೊಳಗೇ ಅಂತಿದ್ದಿದ್ದು” ಎಂದರು.

ರಾತ್ರಿ ಭಾವನ ಫೋನ್ ಬಂತು, ಕ್ಷೇಮ. ಉಳಿದದ್ದನ್ನು ಊರಿಗೆ ಬಂದ ಮೇಲೆ ಊಟಕ್ಕೆ ಕೂತಾಗ ಹೇಳಿದರು. ಕತ್ತಲಾಗುವ ಮುಂಚೆ ಕೊನೆಯವರನ್ನು ಎತ್ತಿ ಹಿಂದಕ್ಕೆ ಸರಿಯಬೇಕೆನ್ನುವಾಗ, ಹೆಡ್‌ಫೋನಿನಲ್ಲಿ ಕನ್ನಡದ ದನಿಯೊಂದು ತಡೆಯಿತಂತೆ. ಬಾಲದ ಹಿಂದೆಯೇ ಕಣಿವೆಗೆ ಅಡ್ಡ ಎಳೆದ ತಂತಿ. ಅವರ ಬಾಗಿಲಿನವನಿಗೆ ಕನ್ನಡದ ಒಂದಕ್ಷರವೂ ಬಾರದು.

“ನನ್ ದನಿನಾ ಭಾವ?” ಎಂದೆ, ಸ್ವಲ್ಪ ಜಂಬದಿಂದಲೇ.

“ಇಲ್ಲ ಕಣೋ, ಮಾವಂದೇ. ನೀನು ಮಾಡಿದ್ರೆ ಕೊನೇಲಿ ಒಂದು ನಗು ಇರುತ್ತೆ. ಅದ್ರಲ್ಲಿ ಇರ್ಲಿಲ್ಲ.” ಆಮೇಲೆ ಮಾವನ ಕಡೆ ತಿರುಗಿ, “ಈ ಸಲ ಸೇನೇದೇ ಗೆಲುವು ಮಾವ” ಎಂದರು.

ಇಷ್ಟು ವರ್ಷ ಮಾವ ಕಾದಿದ್ದ ಮಾತು ಅದು. ಅವರು ಮಾತ್ರ ಭಾವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, “ತಿನ್ನಪ್ಪ, ಆರೋಗ್ತದೆ” ಎಂದರು.

ಇದಕ್ಕೆ ವಿವರಣೆ ಕೇಳಬೇಡಿ, ನನ್ನಲ್ಲಿಲ್ಲ. ಆ ಮಾತನ್ನು ಹಾಗೆಯೇ ಮತ್ತೊಮ್ಮೆ ಹೇಳಲು ಎಷ್ಟೋ ಸಲ ಸೋಫಾದ ಮೇಲೆ ಮಲಗಿದ್ದೇನೆ. ದನಿಯೇನೋ ಮಾವನದೇ ಬರುತ್ತದೆ. ಕೊನೆಯಲ್ಲಿ ನಗುವೂ ಬಂದುಬಿಡುತ್ತದೆ.